ಎರಡೂ ಕೈಯಲ್ಲಿ ಹತ್ತಿದ ಕೆಂಪು ಗೆರೆ

ಮದ್ದು ಹೋದ ಕೈಯೇ ಕೆಂಡದ ಹಾಗೆ ಉರಿಯುವುದು ಹೇಗಿರುತ್ತದೆ ಎಂದು ಉರಿಸಿಕೊಂಡವರಿಗೆ ಮಾತ್ರ ಗೊತ್ತು. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಅವರ ಮಂಚದ ಪಕ್ಕ ಕುಳಿತು ಯಾರಾದರೂ ಓದಿ ಹೇಳುತ್ತಿದ್ದರೆ, ಅವರಿಗೆಂದೇ ಬರೆಯುತ್ತಿದ್ದೇನೆ. ನಾನು ಐದನೇ ಕ್ಲಾಸಿನ ಆಚೆ ಶಾಲೆ ಕಂಡವಳಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಈಗ ನಾನು ಅಜ್ಜಿ, ಹೊಸ ಅಜ್ಜಿ. ಒಳಗೆ ಸಂತೋಷ ಉಕ್ಕುವಾಗ ಬಾಯಿ ಮುಚ್ಚಿ ಕೂರಲು ನನ್ನಿಂದಾಗುವುದಿಲ್ಲ. ಸಿಕ್ಕಿದವರಿಗೆಲ್ಲ ನನ್ನ ಕತೆ ಹೇಳುವುದನ್ನು ಕಂಡು ಇವರು, ಅಂದರೆ ನನ್ನ ಗಂಡ, ಇನ್ನು ಬರೆದಿಡು ಮಾರಾಯ್ತಿ, ಊರಿನವರ ಕಿವಿಗೂ ಸ್ವಲ್ಪ ಪುರುಸೊತ್ತು ಸಿಗಲಿ ಎಂದರು. ಹಾಗೆ ಬರೆಯಲು ಕೂತೆ.

ನಮ್ಮ ಮನೆ ಕೆರಾಡಿಯಲ್ಲಿ, ಕಾಡಿನ ಬದಿಗೆ. ಸ್ವಲ್ಪ ಗದ್ದೆ, ದನಕರು ಇದೆ. ಅದರ ಜೊತೆ ಊರಲ್ಲಿ ನನಗೆ ಇನ್ನೊಂದು ಕೆಲಸ. ಹೆರಿಗೆಯಾದ ಮನೆಯವರು ಶಿಶುವನ್ನು ಮೀಯಿಸಲು ನನ್ನನ್ನು ಕರೆಯುತ್ತಾರೆ. ಬಚ್ಚಲಲ್ಲಿ ಗಿಡ್ಡ ಮಣೆ ಹಾಕಿ ಕುಳಿತು, ಎರಡೂ ಕಾಲು ಉದ್ದಕ್ಕೆ ನೀಡಿ ಜೋಡಿಸಿ, ಆ ಕಾಲ ಮೇಲೆ ಶಿಶುವನ್ನು ಮಲಗಿಸಿಕೊಂಡು, ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹೊಯ್ಯುವುದು. ಕಾಲು ಅಲುಗಬಾರದು. ಎಣ್ಣೆ ಹಚ್ಚಿದ ಶಿಶು ಮೀನಿನ ಹಾಗೆ ಜಾರುತ್ತದೆ, ಕೈಯಲ್ಲಿ ಬಲ ಇರಬೇಕು, ಆ ಬಲ ಶಿಶುವಿಗೆ ಗೊತ್ತಾಗಬಾರದು. ಊರಿನ ಎಷ್ಟೋ ಮಕ್ಕಳು ನನ್ನ ಈ ಕಾಲ ಮೇಲೆ ಅತ್ತು, ಉಚ್ಚೆ ಹೊಯ್ದು, ನಿದ್ದೆ ಮಾಡಿ ದೊಡ್ಡವರಾದವರು. ಬಸ್ಸಿನಲ್ಲಿ ಮೀಸೆ ಬಂದ ಹುಡುಗರು ಗತ್ತಿನಿಂದ ಟಿಕೆಟ್ ಕೇಳುವಾಗ, ನಿನ್ನ ಅಂಡು ತೊಳೆದವಳು ನಾನು ಎಂದು ಮನಸ್ಸಿನೊಳಗೇ ನಗುತ್ತೇನೆ.

ಊರಿನವರ ಮಕ್ಕಳನ್ನೆಲ್ಲ ಮೀಯಿಸಿದವಳಿಗೆ ಸ್ವಂತ ಮೊಮ್ಮಗು ಇರಲಿಲ್ಲ. ನಮಗೆ ಒಬ್ಬಳೇ ಮಗಳು, ಶ್ಯಾಮಲ. ಬೈಂದೂರಿಗೆ ಕೊಟ್ಟಿದ್ದೇವೆ. ಅಳಿಯನದ್ದು ಪಂಪು, ಮೋಟಾರು ರಿಪೇರಿ ಅಂಗಡಿ. ಮದುವೆಯಾಗಿ ವರ್ಷದ ಮೇಲೆ ವರ್ಷ ಹೋಯಿತು, ಮಗುವಾಗಲಿಲ್ಲ. ಬೇರೆಯವರ ಮನೆಯ ಬಚ್ಚಲಲ್ಲಿ ಕುಳಿತಾಗ, ನಿಮ್ಮ ಮಗಳಿಗೆ ವಿಶೇಷ ಇದೆಯಾ ಎಂದು ಯಾರಾದರೂ ಕೇಳಿದರೆ, ನೀರಿನ ಸದ್ದಿನಲ್ಲಿ ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ಕೊನೆಗೆ ಕೊಲ್ಲೂರಿನ ಅಮ್ಮ ಕಣ್ಣು ಬಿಟ್ಟಳು, ಶ್ಯಾಮಲ ಬಸುರಿಯಾದಳು. ಮೊದಲ ಹೆರಿಗೆ ತಾಯಿಮನೆಯಲ್ಲಿ ಆಗುವುದು ನಮ್ಮ ಕ್ರಮ. ಏಳು ತಿಂಗಳಾಗುವ ಹೊತ್ತಿಗೆ, ಹೆರಿಗೆಗೆ ಆಸ್ಪತ್ರೆ, ಬಾಣಂತನಕ್ಕೆ ಕೆರಾಡಿ ಎಂದು ಎಲ್ಲ ಮಾತಾಯಿತು. ಶಿಶುವನ್ನು ಬೇರೆ ಯಾರೂ ಮೀಯಿಸುವುದು ಬೇಡ, ಅಮ್ಮನೇ ಮೀಯಿಸಬೇಕು ಎಂದು ಅವಳು ಅತ್ತೆಯ ಎದುರಿಗೇ ಹೇಳಿದಳಂತೆ. ನಾನು ಅಷ್ಟು ಕೇಳಿದ್ದೇ ಹಂಡೆ ತಿಕ್ಕಿ ಬೆಳಗಿ ಇಟ್ಟೆ.

ಆಮೇಲೆ ಕೆಲವೇ ದಿನದಲ್ಲಿ ಕೊಟ್ಟಿಗೆಗೆ ತರಗೆಲೆ ಒಟ್ಟು ಮಾಡಲು ಹೋದವಳ ಹಿಮ್ಮಡಿಗೆ ಬಿದಿರಿನ ಮುಳ್ಳು ಹೆಟ್ಟಿತು. ತೆಗೆದು ಬಿಸಾಡಿದೆ. ನನಗೆ ಸಕ್ಕರೆ ಕಾಯಿಲೆ ಇದೆ. ಕಾಲಿನ ನೋವು ಅಷ್ಟಾಗಿ ತಿಳಿಯುವುದಿಲ್ಲ. ಹಿಮ್ಮಡಿ ಊದಿ, ಜ್ವರ ಬಂದು, ಮೈ ನಡುಗಲು ಶುರುವಾದಾಗಲೇ ಇವರು ಜೀಪು ಮಾಡಿಸಿ ಕುಂದಾಪುರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಅಲ್ಲಿ ಫೋಟೋ ತೆಗೆದು, ಕೀವು ಪರೀಕ್ಷೆ ಮಾಡಿ, ನಂಜು ಎಲುಬಿಗೆ ಇಳಿದಿದೆ ಎಂದರು. ಮಾತ್ರೆಗೆ ಬಗ್ಗುವ ನಂಜಲ್ಲ, ವಾರಗಟ್ಟಲೆ ನರಕ್ಕೆ ಮದ್ದು ಕೊಡಬೇಕು, ಮದ್ದು ನಿಂತರೆ ಪಾದ ತೆಗೆಯಬೇಕಾದೀತು ಎಂದು ಡಾಕ್ಟರು ಇವರಿಗೆ ಬಾಗಿಲ ಹೊರಗೆ ಹೇಳಿದರು. ಬಾಗಿಲು ಸರಿಯಾಗಿ ಹಾಕಿರಲಿಲ್ಲ. ನನಗೆ ಎಲ್ಲ ಕೇಳಿತು.

ಸಾಯುತ್ತೇನೆ ಎಂಬ ಹೆದರಿಕೆ ಬರಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಬಚ್ಚಲು. ಮಣೆಯ ಮೇಲೆ ನಾನು ಕುಳಿತಿದ್ದೇನೆ, ಒಂದು ಕಾಲು ಉದ್ದ, ಒಂದು ಮೋಟು. ಅದರ ಮೇಲೆ ಯಾರು ಶಿಶುವನ್ನು ಮಲಗಿಸುತ್ತಾರೆ?

ಮದ್ದು ಶುರು ಮಾಡಿದರು. ಮುಂಗೈಯ ಮೇಲೆ ಸೂಜಿ ಸಿಕ್ಕಿಸಿ, ಪಟ್ಟಿ ಹಾಕಿ, ಬಾಟಲಿಯಿಂದ ಹನಿ ಹನಿ ಬಿಡುವುದು. ಮದ್ದು ಇಳಿಯಲು ಶುರುವಾದ ಸ್ವಲ್ಪ ಹೊತ್ತಿಗೆ ಕೈ ಒಳಗಿನಿಂದ ಉರಿಯುತ್ತಿತ್ತು. ಮೆಣಸು ಅರೆದ ಕೈ ಉರಿಯುವುದು ಮೇಲಿನಿಂದ. ಇದು ಹಾಗಲ್ಲ, ನರದ ಉದ್ದಕ್ಕೂ ಯಾರೋ ಬಿಸಿ ತಂತಿ ಎಳೆದ ಹಾಗೆ. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ. ಯಾಕೆಂದರೆ ನಮ್ಮ ತಲೆಯಲ್ಲಿ ಕುಳಿತದ್ದು ಒಂದೇ, ಉರಿದರೆ ಮದ್ದು ಹಿಡಿಯಿತು ಎಂದರ್ಥ. ಕಷಾಯ ಕಹಿ ಇಲ್ಲದಿದ್ದರೆ ಅದು ಕಷಾಯವೇ ಅಲ್ಲ, ಗಾಯಕ್ಕೆ ಹಚ್ಚಿದ್ದು ಉರಿಯದಿದ್ದರೆ ಅದು ಮದ್ದೇ ಅಲ್ಲ. ಉರಿಯುತ್ತದಾ ಅಮ್ಮ ಎಂದು ನರ್ಸ್ ಕೇಳಿದಾಗ, ಉರಿಯಲಿ ಬಿಡು ಮಗಾ, ನಂಜು ಸಾಯಲಿ ಎಂದು ಹೇಳುತ್ತಿದ್ದೆ. ಪಾಪ, ಆ ಹುಡುಗಿ ನಗುತ್ತಾ ಹೋಗುತ್ತಿದ್ದಳು.

ಆಮೇಲೆ ಗೆರೆ ಕಂಡಿತು. ಸೂಜಿ ಇದ್ದ ಜಾಗದಿಂದ ಹೊರಟು, ಮಣಿಕಟ್ಟು ದಾಟಿ, ಮೊಣಕೈ ಕಡೆಗೆ ಒಂದು ಕೆಂಪು ಗೆರೆ. ಮುಟ್ಟಿದರೆ ಕೆಳಗೆ ಹಗ್ಗದ ಹಾಗೆ ಗಟ್ಟಿ. ಬಿಸಿ ಬೇರೆ. ನರ್ಸ್ ನೋಡಿ, ನರ ಊದಿದೆ ಎಂದು ಆ ಸೂಜಿ ತೆಗೆದು ಅದೇ ಕೈಯ ಬೇರೆ ಕಡೆ ಹಾಕಿದಳು. ಅದೂ ಊದಿತು. ಬಲಗೈ ಮಡಚಿದ್ದು ಬಿಡಿಸಲು ಬರದಂತಾಯಿತು. ಎಡಗೈಗೆ ಹಾಕಿದರು. ಎಡಗೈಯಲ್ಲೂ ಅದೇ ಗೆರೆ, ಅದೇ ಬಿಸಿ, ಮೇಲಕ್ಕೆ ಹತ್ತತೊಡಗಿತು. ಅನ್ನ ಕಲಸಲು ಆಗಲಿಲ್ಲ. ಸೀರೆ ಸರಿ ಮಾಡಿಕೊಳ್ಳಲು ಆಗಲಿಲ್ಲ. ಇವರು ಚಮಚೆಯಲ್ಲಿ ಗಂಜಿ ಕುಡಿಸುವಾಗ, ಮದುವೆಯ ದಿನವೂ ನಿನಗೆ ಇಷ್ಟು ಉಪಚಾರ ಮಾಡಿರಲಿಲ್ಲ ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಕಾಲು ಉಳಿಸಲು ಹೊರಟ ಮದ್ದು ನನ್ನ ಎರಡೂ ಕೈಯನ್ನು ತಿನ್ನುತ್ತಿತ್ತು. ಕಾಲು ಉಳಿದು ಕೈ ಹೋದರೂ ನಾನು ಶಿಶುವಿನ ಪಾಲಿಗೆ ಇದ್ದೂ ಇಲ್ಲದವಳೇ.

ಹೀಗಿರುವಾಗ ರುಕ್ಕು ಅತ್ತಿಗೆ ನೋಡಲು ಬಂದರು. ಇವರ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಮನೆಯ ಪಕ್ಕದಲ್ಲೇ ಇದ್ದಾರೆ, ಬಾಯಿ ಜೋರು, ಮನಸ್ಸು ಮೆತ್ತಗೆ. ಬಂದವರು ಮೂಸಂಬಿ ಚೀಲ ಕೆಳಗಿಟ್ಟು ನನ್ನ ಬಲಗೈ ನೋಡಿದರು. ಆಮೇಲೆ ಹೊದಿಕೆ ಸರಿಸಿ ಎಡಗೈ ನೋಡಿದರು. ಅವರ ಮುಖದ ಬಣ್ಣ ಹೋಯಿತು.

"ಇದ್ ಮದ್ದಿನ ಉರಿ ಅಲ್ಲ ಗುಲಾಬಿ," ಎಂದರು. "ಇದ್ ಸರ್ಪ ಹತ್ತಿದ್ದ್. ಒಂದ್ ಕೈದ್ ಮಂಡೆ, ಇನ್ನೊಂದ್ ಕೈದ್ ಬಾಲ. ಎದಿ ಮೇಲ್ ಬಂದ್ ಒಂದಕ್ಕೊಂದ್ ಕೂಡ್ರೆ ಮುಗೀತ್."

ಸರ್ಪಸುತ್ತು ಎಂಬ ಕಾಯಿಲೆ ಗೊತ್ತಿರುವವರಿಗೆ ಈ ಮಾತು ಹೊಸದಲ್ಲ. ಸೊಂಟಕ್ಕೋ ಬೆನ್ನಿಗೋ ಹಾವಿನ ಹಾಗೆ ಸುತ್ತುತ್ತದೆ, ತಲೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದದ್ದು. ಅದಕ್ಕೆ ಕೆಮ್ಮಣ್ಣು ಅರೆದು ಹಚ್ಚಿ, ಮಂತ್ರ ಹಾಕುವವರು ಇದ್ದಾರೆ. ಆ ಹೊತ್ತಿಗೆ ನನ್ನ ಎರಡು ಗೆರೆಗಳೂ ತೋಳು ಹತ್ತಿ ಭುಜದ ಕಡೆಗೆ ಹೊರಟಿದ್ದವು. ಅವು ಇನ್ನು ಎಲ್ಲಿ ಕೂಡುತ್ತವೆ ಎಂದು ಯಾರೂ ಹೇಳಬೇಕಿರಲಿಲ್ಲ. ಅದರ ಮೇಲೆ ಹೋದ ಪಂಚಮಿಗೆ ಮನೆಯಲ್ಲಿ ಸೂತಕ ಇದ್ದು ನಾವು ನಾಗಬನಕ್ಕೆ ತನು ಹಾಕಿರಲಿಲ್ಲ. ಹಾಲು, ಎಳನೀರು ನಾಗನಿಗೆ ಎರೆಯದೆ ಹೋದದ್ದು ನನಗೆ ನೆನಪಿತ್ತು, ಇವರಿಗೂ ನೆನಪಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಡಾಕ್ಟರು ಹಾಗೆ ಹೇಳಲಿಲ್ಲವಲ್ಲ ಎಂದು ಇವರು ಮೆಲ್ಲಗೆ ಹೇಳಿ ನೋಡಿದರು. "ಡಾಕ್ಟ್ರಿಗೆ ನಮ್ ನಾಗನ ಗುರ್ತ ಇತ್ತಾ?" ಎಂದು ಅತ್ತಿಗೆ ಕೇಳಿದರು.

ಸರ್ಪ ಇರುವ ಮೈಗೆ ಸೂಜಿ ಚುಚ್ಚಬಾರದು ಎಂಬುದು ಇನ್ನೊಂದು ನಂಬಿಕೆ. ಡಾಕ್ಟರು ಎಷ್ಟು ಹೇಳಿದರೂ ನಾವು ಕೇಳಲಿಲ್ಲ. ನಮ್ಮ ಜವಾಬ್ದಾರಿ ಎಂದು ಇವರು ಸಹಿ ಮಾಡಿ ಕೊಟ್ಟರು. ನನ್ನನ್ನು ಕೆರಾಡಿಗೆ ಕರೆದುಕೊಂಡು ಬಂದರು. ಯಾರನ್ನೂ ದೂರುವುದಿಲ್ಲ. ಹೋಗುವ ಎಂದು ಮೊದಲು ಕಾಲು ಕೆಳಗಿಟ್ಟವಳು ನಾನೇ. ನನ್ನ ಜೀವದ ಮೇಲೆ ಹಾವು ಹರಿಯುತ್ತಿದೆ ಎಂದು ನಂಬಿದ್ದೆ, ಅದು ಎದೆ ಮುಟ್ಟುವ ಮೊದಲು ಮಗಳ ಮಗುವಿನ ಮುಖ ಕಾಣಬೇಕಿತ್ತು. ಮಗಳಿಗೆ ಮಾತ್ರ ಏನೂ ಹೇಳಬಾರದು ಎಂದು ಎಲ್ಲರ ಬಾಯಿ ಕಟ್ಟಿದೆವು.

ಕೆಮ್ಮಣ್ಣು ಹಚ್ಚುವ ಅಜ್ಜ ಇರುವುದು ಬೈಂದೂರಿನ ಆಚೆ. ಹೊರಡಬೇಕೆಂದರೆ ನನಗೆ ಮತ್ತೆ ಜ್ವರ. ಒಂದೆರಡು ದಿನ ಹಾಗೇ ಹೋಯಿತು. ಕಾಲಿನ ಪಟ್ಟಿಯಿಂದ ವಾಸನೆ ಬರತೊಡಗಿತು, ಬೆಕ್ಕು ಕೂಡ ಹತ್ತಿರ ಬರಲಿಲ್ಲ. ಕಡೆಗೆ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆದುಕೊಂಡು ಹೋದರು. ಹೊಂಡ ಸಿಕ್ಕಿದಲ್ಲೆಲ್ಲ ಅತ್ತಿಗೆ ನನ್ನ ತಲೆಯನ್ನು ತಮ್ಮ ಮಡಿಲಿಗೆ ಒತ್ತಿ ಹಿಡಿಯುತ್ತಿದ್ದರು, ಬಾಯಲ್ಲಿ ನಾಗನ ಹೆಸರು.

ಅಜ್ಜ ಅಂಗಳಕ್ಕೆ ಬಂದು, ಬಿಸಿಲಿಗೆ ನನ್ನ ಕೈ ತಿರುಗಿಸಿ ನೋಡಿದರು. ಒಳಗೆ ಅವರ ಸೊಸೆ ಮಣ್ಣು ಅರೆಯಲು ಕಲ್ಲು ತೊಳೆಯುತ್ತಿದ್ದಳು. ಅಜ್ಜ ಅವಳನ್ನು ಕರೆದು, ಅರೆಯುವುದು ಬೇಡ ಎಂದರು. ಅತ್ತಿಗೆ ಎದ್ದು ನಿಂತರು.

"ಇದ್ ನನ್ ಮದ್ದಿಗ್ ಬಪ್ಪುದಲ್ಲ ಅಮ್ಮ," ಎಂದರು ಅಜ್ಜ. "ಸರ್ಪ ಆರೆ ಗುಳ್ಳೆ ಏಳ್ತ್. ಇಲ್ಲ್ ಒಂದ್ ಗುಳ್ಳೆಯೂ ಇಲ್ಲೆ. ಎರಡೂ ಸೂಜಿ ಕುತ್ತಿದಲ್ಲಿಂದ್ಲೇ ಹೊರ್ಟಿತ್ತ್ ಕಾಣಿ. ಇವ್ರನ್ನ್ ಈಗ್ಲೇ ಆಸ್ಪತ್ರೆಗ್ ಕರ್ಕಂಡ್ ಹೋಯ್ನಿ."

ಅತ್ತಿಗೆ ಬಿಡಲಿಲ್ಲ. ಸ್ವಲ್ಪ ಮಣ್ಣು ಹಚ್ಚಿದರೆ ನಷ್ಟ ಏನು, ಮಂತ್ರ ಒಂದಾದರೂ ಹೇಳಿ ಎಂದು ಕಾಡಿದರು. ಅಜ್ಜ ನನ್ನ ಕಾಲಿನ ಪಟ್ಟಿ ಕಡೆ ನೋಡಿ, ನಾನು ಮಣ್ಣು ಹಚ್ಚಿದರೆ ನೀವು ನಾಳೆಯವರೆಗೆ ಕಾಯುತ್ತೀರಿ, ಅದೇ ನಷ್ಟ ಎಂದು ಹೇಳಿ ಒಳಗೆ ಹೋದರು. ಕುಡಿಯಲು ಬೆಲ್ಲ ನೀರು ಕಳಿಸಿದರು. ಅತ್ತಿಗೆ ಆ ಲೋಟ ಹಿಡಿದುಕೊಂಡೇ ಅಳಲು ಶುರು ಮಾಡಿದರು. ಅವರು ಅತ್ತದ್ದನ್ನು ನಾನು ಅವರ ಗಂಡ ತೀರಿದ ದಿನ ಬಿಟ್ಟರೆ ಕಂಡದ್ದಿಲ್ಲ.

ಅಷ್ಟು ದೂರ ಬಂದ ಮೇಲೆ ಮಗಳಿಗೆ ಮುಚ್ಚಿಡಲು ಆಗಲಿಲ್ಲ. ಅಳಿಯನಿಗೆ ಫೋನು ಹೋಯಿತು. ಅವನು ಅಂಗಡಿ ಬಾಗಿಲು ಹಾಕಿ ಬಂದವನು, ಒಂದು ಮಾತೂ ಬಯ್ಯದೆ ನನ್ನನ್ನು ಎತ್ತಿ ಕಾರಿಗೆ ಹಾಕಿ, ಇವರನ್ನೂ ಅತ್ತಿಗೆಯನ್ನೂ ಹತ್ತಿಸಿಕೊಂಡು ಬ್ರಹ್ಮಾವರದ ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಹೊರಗೆ ಬೆಂಚಿನ ಮೇಲೆ ಕಾಯುವಾಗಿನ ಹೊತ್ತು ನನ್ನ ಜೀವನದ ಅತಿ ಉದ್ದದ ಹೊತ್ತು. ಎದುರಿನ ಗೋಡೆಯಲ್ಲಿ ನಗುವ ಮಗುವಿನ ದೊಡ್ಡ ಚಿತ್ರ ಹಾಕಿದ್ದರು. ನಾನು ಅದನ್ನು ನೋಡಲಾರದೆ ನೆಲ ನೋಡುತ್ತಾ ಕುಳಿತೆ. ನೆಲದಲ್ಲಿ ಕಾಣುವುದು ಎಲ್ಲರ ಕಾಲು.

ಅಲ್ಲಿಯ ಡಾಕ್ಟರು ಹೆಂಗಸು, ಮಂಗಳೂರಿನ ಕಡೆಯವರು. ಕಾಲು ನೋಡಿ ಅವರ ಹುಬ್ಬು ಗಂಟಾಯಿತು. ಮೊದಲು ಒಳಗಿನ ಕೊಳೆ ಕೆರೆದು ತೆಗೆಯಬೇಕು, ಅದೇ ಮದ್ದನ್ನು ಕೂಡಲೇ ಮತ್ತೆ ಶುರು ಮಾಡಬೇಕು, ಆದರೂ ಪಾದ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದರು. ಅದೇ ಮದ್ದು ಎಂದು ಕೇಳಿದ್ದೇ ನನ್ನ ಎರಡೂ ಕೈ ತಾವಾಗಿ ಹೊದಿಕೆಯ ಒಳಗೆ ಹೋದವು.

ಕೆರೆದು ತೆಗೆದರು. ಆಮೇಲೆ ನರ ಹುಡುಕುವ ಕೆಲಸ. ಒಬ್ಬಳು ನರ್ಸ್ ಮುಂಗೈ ತಟ್ಟಿದಳು, ಇನ್ನೊಬ್ಬಳು ಬಿಸಿನೀರಿನ ಬಟ್ಟೆ ಇಟ್ಟಳು, ಮತ್ತೊಬ್ಬರು ರಬ್ಬರು ಕಟ್ಟಿ ಬೆರಳು ಬೆರಳಿನ ಬುಡ ನೋಡಿದರು. ಸೂಜಿ ಹಾಕುವುದು, ರಕ್ತ ಬಾರದೆ ತೆಗೆಯುವುದು. ಎಲ್ಲೋ ಒಂದು ಸಿಕ್ಕಿತೆಂದು ನೀರು ಬಿಟ್ಟರೆ ಅಲ್ಲೇ ಬುಗುಟು. ಹಳೆಯ ನರಗಳೆಲ್ಲ ಒಣಗಿದ ಬಳ್ಳಿಯ ಹಾಗೆ ಚರ್ಮದ ಕೆಳಗೆ ಗಟ್ಟಿಯಾಗಿ ಬಿದ್ದಿದ್ದವು. ಪಕ್ಕದ ಮಂಚದಲ್ಲಿ ಗಂಗೊಳ್ಳಿಯ ಒಬ್ಬರು ಹೆಂಗಸು ಇದ್ದರು, ಹೊಟ್ಟೆಯ ಆಪರೇಷನ್ ಆಗಿತ್ತು. ಅವರು ಇದನ್ನೆಲ್ಲ ನೋಡುತ್ತಾ, ಇಲ್ಲಿ ಎಲ್ಲರೂ ನಿಮ್ಮ ಕೈಯನ್ನೇ ಹಿಡಿಯುತ್ತಾರೆ, ನನ್ನ ಕೈ ಹಿಡಿಯಲು ಒಬ್ಬ ಜನ ಇಲ್ಲ ಎಂದು ಹೊಟ್ಟೆ ಒತ್ತಿ ಹಿಡಿದು ನಕ್ಕರು. ನರ್ಸ್ ಹುಡುಗಿಯರೂ ನಕ್ಕರು. ಆ ನಗುವಿನ ಮಧ್ಯೆ ನನಗೆ ಅಳು ಕಿತ್ತುಕೊಂಡು ಬಂತು. ಬಂದದ್ದು ನಿಲ್ಲಲಿಲ್ಲ.

ಡಾಕ್ಟರನ್ನು ಕರೆಸಿ, ಕಾಲು ತೆಗೆದುಬಿಡಿ ಎಂದು ಹೇಳಿದೆ. ಕೈಯಾದರೂ ಉಳಿಯಲಿ. ಒಂದು ಕಾಲಿನವರು ಲೋಕದಲ್ಲಿ ಇಲ್ಲವಾ? ಆ ಮದ್ದು ಮಾತ್ರ ಇನ್ನು ಬೇಡ. ಇವರು ಗೋಡೆ ಕಡೆ ತಿರುಗಿ ನಿಂತರು. ನಾನು ಹಾಗೆ ಹೇಳುತ್ತಿರುವಾಗಲೇ ಬಾಗಿಲಲ್ಲಿ ಶ್ಯಾಮಲ ನಿಂತಿದ್ದಳು. ತುಂಬಿದ ಹೊಟ್ಟೆ ಹೊತ್ತುಕೊಂಡು, ಬರಬೇಡ ಎಂದರೂ ಕೇಳದೆ ಬೈಂದೂರಿನಿಂದ ಬಸ್ಸಿನಲ್ಲಿ ಬಂದಿದ್ದಳು. ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಬಂದು ನನ್ನ ಮಂಚದ ಕಾಲಬದಿಯಲ್ಲಿ ಕುಳಿತಳು. ಪಟ್ಟಿ ಕಟ್ಟಿದ ಕಾಲ ಮೇಲೆ ಕೈಯಿಟ್ಟಳು.

"ಕಾಲ್ ತೆಗಿನಿ ಅಂದೇಳಿ ಹೇಳೂಕೆ ನೀನ್ ಯಾರ್ ಅಮ್ಮ?" ಎಂದಳು. "ಈ ಕಾಲ್ ನನ್ ಶಿಶುದ್."

ಡಾಕ್ಟರು ಒಂದು ಸ್ಟೂಲು ಎಳೆದು ನನ್ನ ಹತ್ತಿರ ಕುಳಿತರು. ಕುಂದಾಪುರದಲ್ಲಿ ಉರಿಯುವಾಗ ಹೇಳಿದ್ದಿರಾ ಎಂದು ಕೇಳಿದರು. ಇಲ್ಲ, ಉರಿದರೆ ಮದ್ದು ಹಿಡಿದ ಹಾಗೆ ಅಲ್ಲವಾ ಎಂದೆ. ಅವರು ತಲೆಯಾಡಿಸಿದರು.

"ಈ ಮದ್ದು ಹುಳಿ ಜಾತಿಯದ್ದು ಅಮ್ಮ," ಎಂದರು. "ಕೈಯ ನರ ಸಪೂರ, ನೂಲಿನ ಹಾಗೆ. ಅದರಲ್ಲಿ ರಕ್ತ ಕಡಿಮೆ, ಹುಳಿ ಜಾಸ್ತಿಯಾಗ್ತದೆ. ನರದ ಒಳಗಿನ ಚರ್ಮ ಸುಟ್ಟ ಹಾಗೆ ಆಗಿ ಊದಿಕೊಳ್ತದೆ. ಅದೇ ನಿಮ್ಮ ಕೆಂಪು ಗೆರೆ."

ಹುಳಿ ಎಂದ ಮೇಲೆ ನನಗೆ ಬೇರೆ ಪಾಠ ಬೇಕಾಗಲಿಲ್ಲ. ಹುಣಸೆಹುಳಿ ಹಾಕಿ ಹಂಡೆ ತಿಕ್ಕುವಾಗ ಬೆರಳಲ್ಲಿ ಒಂದು ಸಣ್ಣ ಗೀರಿದ್ದರೂ ಪ್ರಾಣ ಹೋಗುತ್ತದೆ. ಎಲ್ಲ ಮದ್ದೂ ಹುಳಿಯೇ ಅಲ್ಲ, ಕೆಲವು ಸುಣ್ಣದ ಗುಣದ್ದೂ ಇವೆ, ಅವೂ ಸುಡುತ್ತವೆ ಎಂದು ಅವರು ಹೇಳಿದರು. ಅದೂ ಗೊತ್ತಾಯಿತು, ವೀಳ್ಯಕ್ಕೆ ಸುಣ್ಣ ಹೆಚ್ಚಾಗಿ ನಾಲಗೆ ಒಡೆದದ್ದು ನೆನಪಾಯಿತು. ಈಗ ಅವರು ಮಾಡಬೇಕೆಂದಿರುವುದು ಇಷ್ಟೇ. ತೋಳಿನ ಮೇಲ್ಭಾಗದಲ್ಲಿ, ಆಳದಲ್ಲಿರುವ ದಪ್ಪ ನರವನ್ನು ಮೆಷಿನಿನಲ್ಲಿ ನೋಡಿ ಹುಡುಕಿ, ಅದರೊಳಗೆ ಒಂದು ತೆಳು ನಳಿಗೆ ಬಿಡುವುದು. ಅದರ ತುದಿ ಎದೆಯ ಹತ್ತಿರದ ದೊಡ್ಡ ನರದವರೆಗೆ ಹೋಗುತ್ತದೆ. ಅಲ್ಲಿ ರಕ್ತ ಧಾರಾಳ, ಮದ್ದು ಬಿದ್ದ ಕೂಡಲೇ ತೆಳುವಾಗಿ ಹೋಗುತ್ತದೆ. ಒಂದು ಸೌಟು ಹುಳಿಯನ್ನು ಲೋಟದ ನೀರಿಗೆ ಹಾಕಿದರೆ ಮುಖ ಕಿವುಚುತ್ತೇವೆ, ಹಂಡೆ ನೀರಿಗೆ ಹಾಕಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ. ಆದರೆ ತುದಿ ಎದೆಯ ಹತ್ತಿರ ಎಂದ ಕೂಡಲೇ ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಕೈಮುಗಿದು ನಿಂತಿದ್ದರು.

ಎಡತೋಳಿಗೆ ನಳಿಗೆ ಹಾಕಿದರು. ಹೆದರಿದಷ್ಟು ನೋಯಲಿಲ್ಲ. ಮದ್ದು ಬಿಡುವಾಗ ನಾನು ಕಣ್ಣು ಮುಚ್ಚಿ ಉರಿಗೆ ಕಾದೆ. ಬಾಟಲಿ ಅರ್ಧ ಇಳಿಯಿತು, ಉರಿ ಬರಲಿಲ್ಲ. ಮದ್ದು ಹೋಗುತ್ತಾ ಇಲ್ಲವಾ ಎಂದು ನರ್ಸ್‌ಗೆ ಕೇಳಿದೆ. ಹೋಗುತ್ತಾ ಇದೆ ಅಮ್ಮ ಎಂದಳು. ಉರಿಯದ ಮದ್ದು ಕೆಲಸ ಮಾಡುತ್ತದೆ ಎಂದು ನಂಬಲು ನನಗೆ ಇನ್ನೂ ಕೆಲವು ದಿನ ಬೇಕಾಯಿತು.

ಕಾಲಿನ ಹೆದರಿಕೆ ಮಾತ್ರ ಹೋಗಲಿಲ್ಲ. ಪಟ್ಟಿ ಬಿಚ್ಚುವಾಗಲೆಲ್ಲ ನಾನು ಡಾಕ್ಟರ ಹುಬ್ಬು ನೋಡುತ್ತಿದ್ದೆ. ಒಂದು ದಿನ ಗಂಟು, ಒಂದು ದಿನ ಸಡಿಲ. ಮತ್ತೊಮ್ಮೆ ಕೆರೆದರು, ಹಿಮ್ಮಡಿಯ ಒಂದು ಚೂರು ಎಲುಬು ತೆಗೆದರು. ಇನ್ನು ಕಪ್ಪಾದರೆ ಪಾದ ಉಳಿಸಲಾರೆ ಎಂದು ಡಾಕ್ಟರು ನನಗೇ ನೇರವಾಗಿ ಹೇಳಿದರು. ಗಂಗೊಳ್ಳಿಯವರು ಮನೆಗೆ ಹೋದರು, ಆ ಮಂಚಕ್ಕೆ ಬೇರೆಯವರು ಬಂದರು, ಅವರೂ ಹೋದರು. ನಾನು ಅಲ್ಲೇ. ಮಗಳ ದಿನ ಹತ್ತಿರ ಬರುತ್ತಿತ್ತು, ನನ್ನ ಗಾಯ ಮುಚ್ಚುತ್ತಿರಲಿಲ್ಲ. ಎದುರು ಮಂಚದವರನ್ನು ಮೊಮ್ಮಕ್ಕಳು ಬಂದು ಅಜ್ಜಿ ಎಂದು ಕರೆದರೆ ನನಗೆ ಸಿಟ್ಟು ಬರುತ್ತಿತ್ತು. ದೇವರಿಗೆ ಬಯ್ದೆ. ಮಗು ಕೊಟ್ಟು ಮಡಿಲು ಕಿತ್ತುಕೊಳ್ಳುವುದಾದರೆ ಇಷ್ಟು ವರ್ಷ ಹರಕೆ ಯಾಕೆ ಹೇಳಿಸಿದೆ ಎಂದು ಕೇಳಿದೆ. ಸಮಾಧಾನ ಹೇಳಲು ಬಂದ ಇವರಿಗೂ ಬಯ್ದೆ.

ಒಂದು ಮಧ್ಯಾಹ್ನ ಇವರು ಹೊರಗೆ ಫೋನಿನಲ್ಲಿ ಮಾತಾಡಿ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತರು. ಮುಖ ಬಿಳುಚಿತ್ತು. ಹೆರಿಗೆಗೆ ಇನ್ನೂ ದಿನ ಇತ್ತು. ಎಂತ ಆಯ್ತು ಎಂದು ಮಂಚದಿಂದ ಏಳಲು ಹೋದೆ.

"ಅಜ್ಜಿ ಆದೆ ನೀನ್," ಎಂದರು. "ಹೆಣ್ ಶಿಶು. ಇಬ್ರೂ ಸಮಾ ಇದ್ರ್."

ಹಾಗಾದರೆ ಮುಖ ಯಾಕೆ ಹಾಗೆ ಮಾಡಿದಿರಿ ಎಂದು ಗದರಿದೆ. ಅವರು, ನಗುವುದಾ ಅಳುವುದಾ ಎಂದು ತೀರ್ಮಾನ ಆಗಲಿಲ್ಲ ಎಂದರು. ನನಗೆ ತೀರ್ಮಾನ ಮಾಡುವ ಅಗತ್ಯ ಬೀಳಲಿಲ್ಲ, ಎರಡನ್ನೂ ಒಟ್ಟಿಗೆ ಮಾಡಿದೆ. ವಾರ್ಡಿನವರೆಲ್ಲ ಎದ್ದು ಕುಳಿತರು. ಆ ದಿನ ಪಟ್ಟಿ ಬಿಚ್ಚುವಾಗ ಗಾಯದ ಅಂಚಿನಲ್ಲಿ ಕೆಂಪು ಹೊಸ ಮಾಂಸ ಇದೆ ಎಂದು ಡಾಕ್ಟರು ತೋರಿಸಿದರು. ಅವರಿಗೆ ಅದು ಮೊದಲೇ ಕಂಡಿತ್ತೋ, ಆ ದಿನವೇ ಕಂಡಿತೋ ಗೊತ್ತಿಲ್ಲ.

ಕಾಲು ಉಳಿಯಿತು. ನಳಿಗೆ ತೋಳಲ್ಲೇ ಇಟ್ಟು ಮನೆಗೆ ಕಳಿಸಿದರು, ದಿನಾ ಕುಂದಾಪುರಕ್ಕೆ ಹೋಗಿ ಮದ್ದು ಹಾಕಿಸಿಕೊಂಡು ಬರುವ ವ್ಯವಸ್ಥೆ. ಮೊದಲಿನ ಆಸ್ಪತ್ರೆಗೇ ಹೋದೆವು. ಆ ನರ್ಸ್ ಹುಡುಗಿ ನನ್ನನ್ನು ನೋಡಿ, ಈಗ ಉರಿಯುತ್ತದಾ ಅಮ್ಮ ಎಂದು ಕೇಳಿದಳು. ಇಲ್ಲ ಮಗಾ, ಉರಿದರೆ ಇನ್ನು ಬೊಬ್ಬೆ ಹೊಡೆಯುತ್ತೇನೆ ಎಂದೆ. ಇದನ್ನು ಓದುವವರಿಗೂ ನನ್ನದು ಇದೊಂದೇ ಮಾತು. ಕೈ ಉರಿದರೆ, ಕೆಂಪಾದರೆ, ಆಗಲೇ ಹೇಳಿ. ತಡೆದುಕೊಳ್ಳುವುದು ಶೌರ್ಯವಲ್ಲ.

ಬಾಣಂತಿ ಮಗಳು ಶಿಶುವಿನೊಂದಿಗೆ ಕೆರಾಡಿಗೆ ಬಂದಳು. ಆದರೆ ನಳಿಗೆ ಇರುವ ತೋಳಿಗೆ ನೀರು ತಾಗಬಾರದು, ಹಸಿ ಗಾಯದ ಕಾಲು ನೀಡಬಾರದು. ಮೀಯಿಸಿದ್ದು ರುಕ್ಕು ಅತ್ತಿಗೆ. ನಾನು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕತ್ತು ಹಿಡಿಯಿರಿ, ಕಿವಿಗೆ ನೀರು ಹೋಯಿತು, ಎಣ್ಣೆ ಸಾಲದು ಎಂದು ಒದರುತ್ತಿದ್ದೆ. ಹೊರಗೆ ಕುಳಿತ ಡಾಕ್ಟ್ರೆ, ಸ್ವಲ್ಪ ಬಾಯಿಗೂ ಪಟ್ಟಿ ಹಾಕಿಕೊಳ್ಳಿ ಎಂದು ಅತ್ತಿಗೆ ಒಳಗಿನಿಂದ ಹೇಳುತ್ತಿದ್ದರು. ಸರ್ಪದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಆಗುತ್ತಿತ್ತು, ಸುಳ್ಳು ಹೇಳಲಾರೆ. ನನ್ನ ಮೊಮ್ಮಗಳು ಬೇರೆಯವರ ಕಾಲ ಮೇಲೆ ಸುಖವಾಗಿ ಮೀಯುವುದನ್ನು ನೋಡಿ ರಾತ್ರಿ ಊಟ ಸೇರುತ್ತಿರಲಿಲ್ಲ.

ನಳಿಗೆ ತೆಗೆದರು. ಗಾಯ ಮುಚ್ಚಿ, ಹಿಮ್ಮಡಿಯಲ್ಲಿ ಅಡಿಕೆ ಕೂರುವಷ್ಟು ಹೊಂಡ ಉಳಿಯಿತು. ನೀರು ತಾಗಬಹುದು ಎಂದು ಡಾಕ್ಟರು ಒಪ್ಪಿದರು. ಆದರೆ ಬಲಗೈ ಪೂರ್ತಿ ನೀಡಲು ಇನ್ನೂ ಬರುವುದಿಲ್ಲ, ತಂಬಿಗೆ ಎತ್ತಿದರೆ ನಡುಗುತ್ತದೆ. ಕಾಲಿಗೂ ಮೊದಲಿನ ಬಲ ಇಲ್ಲ. ಶಿಶುವನ್ನು ಜಾರಿಸಿಬಿಟ್ಟರೆ? ಧೈರ್ಯ ಬರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿ, ಒಂದು ಸಣ್ಣ ಕುಂಬಳಕಾಯಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಎರಡು ಸಲ ಜಾರಿತು. ಇವರು ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಗಲಿಲ್ಲ. ಶಿಶುಗೆ ಹೆಸರು ಇಟ್ಟೆಯಾ ಎಂದು ಕೇಳಿದರು. ಸಂಜೆ ಆ ಕುಂಬಳಕಾಯಿಯದ್ದೇ ಹುಳಿ ಮಾಡಿ ಬಡಿಸಿದೆ. ಮರುದಿನ ಇನ್ನೊಂದು ಕಾಯಿ ತಂದಿಟ್ಟವರೂ ಅವರೇ.

ಎರಡನೇ ಕಾಯಿ ಜಾರಲಿಲ್ಲ. ಆದರೂ ಶಿಶುವನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಎಂದಿನ ಹಾಗೆ ಸೀರೆ ಎತ್ತಿ ಕಟ್ಟಿ ಬಚ್ಚಲಿಗೆ ಬಂದರು, ಮಣೆ ಹಾಕಿದರು, ಆದರೆ ಕುಳಿತುಕೊಳ್ಳಲಿಲ್ಲ. ತಂಬಿಗೆ ಹಿಡಿದು ಹಂಡೆಯ ಹತ್ತಿರ ನಿಂತು ನನ್ನನ್ನೇ ನೋಡಿದರು.

"ಬಾ, ಕೂತ್ಕೋ," ಎಂದರು. "ನೀರ್ ನಾನ್ ಹೊಯ್ತೆ. ಹಿಡುದ್ ನೀನ್ ಹಿಡಿ."

ನಾನು ಮಣೆಯ ಮೇಲೆ ಕುಳಿತೆ. ಕಾಲು ನೀಡಿದೆ, ಜೋಡಿಸಿದೆ. ಶ್ಯಾಮಲ ಶಿಶುವನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಎಷ್ಟು ಹಗುರ, ಎಷ್ಟು ಬೆಚ್ಚಗೆ. ಕುಂಬಳಕಾಯಿ ಹಾಗೆ ಒದೆಯುವುದಿಲ್ಲವಲ್ಲ, ಇದು ಒದೆಯಿತು, ಎರಡೂ ಕಾಲಿಂದ. ನನ್ನ ಬಲಗೈ ಬಿಡಿಸಲಾರದೆ ಮಡಚಿಕೊಂಡೇ ಇತ್ತು. ಆ ಮಡಚಿದ ಕೈಯೊಳಗೇ ಅದರ ತಲೆ ಸರಿಯಾಗಿ ಕೂತಿತು. ಎಡಗೈಯಿಂದ ಎಣ್ಣೆ ಹಚ್ಚಿದೆ, ಎದೆ, ಹೊಟ್ಟೆ, ತೊಡೆಯ ಸಂದು. ಅದು ಅಳಲು ಬಾಯಿ ತೆರೆದು, ಅಳದೆ, ನನ್ನ ಮುಖ ನೋಡಿತು. ಶ್ಯಾಮಲ ನನ್ನ ಕಾಲನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಕಾಲು ಅಲುಗಲಿಲ್ಲ.

ಅತ್ತಿಗೆ ತಂಬಿಗೆ ಎತ್ತಿ ಹಿಡಿದು ನಿಂತೇ ಇದ್ದರು, ಕಣ್ಣಲ್ಲಿ ನೀರು ತುಂಬಿ ಮುಂದಿನದು ಕಾಣುತ್ತಿರಲಿಲ್ಲವೋ ಏನೋ.

"ಹೊಯ್ಯಿ ಅತ್ತಿಗೆ," ಎಂದೆ. "ಶಿಶುಗ್ ಚಳಿ ಆತ್ತ್."